ತೈವಾನಿನ ಸಿಂಪಿ ಮೀಸುವಾ: ಮನೆಯಲ್ಲೇ ಹದವಾಗಿ ಮಾಡುವ ವಿಧಾನ

ತೈವಾನಿನ ತೈಪೆಯಲ್ಲಿ ಓಆ-ಮೀಸುವಾ, ಅಂದರೆ ಸಿಂಪಿ (ಆಯ್‌ಸ್ಟರ್) ಹಾಕಿದ ನೂಡಲ್ಸ್ ಸಾರು, ಮಾರುವ ಅಂಗಡಿಯಲ್ಲಿ ನೋಡುವಂಥದ್ದು ಹೆಚ್ಚೇನೂ ಇರುವುದಿಲ್ಲ. ಒಂದು ದೊಡ್ಡ ಹಂಡೆ, ಉದ್ದ ಹಿಡಿಯ ಸೌಟು, ಬಟ್ಟಲುಗಳ ಅಟ್ಟಿ, ಪಕ್ಕದಲ್ಲಿ ಅರೆದ ಬೆಳ್ಳುಳ್ಳಿ, ಖಾರದ ಸಾಸ್, ಕಪ್ಪು ವಿನೆಗರ್. ಹಂಡೆಯಲ್ಲಿ ಕಂದು ಬಣ್ಣದ ಮಂದ ಸಾರು, ಅದರಲ್ಲಿ ಮೀಸುವಾ ಎಂಬ ತೀರಾ ಸಣ್ಣ ಎಳೆಯ ಗೋಧಿ ನೂಡಲ್ಸ್. ಒಂದು ಸೌಟು ಬಗ್ಗಿಸಿ, ಮೇಲೆ ನಾಲ್ಕಾರು ಸಿಂಪಿ ಇಟ್ಟು, ಕೊತ್ತಂಬರಿ ಸೊಪ್ಪು ಉದುರಿಸಿ ಕೈಗೆ ಕೊಡುತ್ತಾರೆ. ತಿನ್ನಲು ಕಡ್ಡಿ ಬೇಡ, ಚಮಚ ಸಾಕು.

ಮೊದಲ ಸಲ ಮಾಡುವವರಿಗೆ ಸಿಂಪಿಯದೇ ಹೆದರಿಕೆ. ನಿಜ ಹೇಳಬೇಕೆಂದರೆ ಸಿಂಪಿಯದು ಮೂರು ನಿಮಿಷದ ಕೆಲಸ. ಈ ಅಡುಗೆ ಕೆಡುವುದು ಸಾರಿನ ಮಂದದಲ್ಲಿ. ಹೆಚ್ಚು ಗಟ್ಟಿಯಾದರೆ ಗೋಂದು, ತೆಳುವಾದರೆ ನೂಡಲ್ಸ್ ತಳ ಸೇರಿ ಮೇಲೆ ಬರೀ ನೀರು. ಎಳೆಗಳು ಸಾರಿನ ನಡುವೆ ತೇಲಾಡುತ್ತ ನಿಲ್ಲಬೇಕು, ಚಮಚ ಎತ್ತಿದಾಗ ಎಳೆ, ಸಾರು ಎರಡೂ ಒಟ್ಟಿಗೆ ಬರಬೇಕು. ಕೆಳಗೆ ಹೇಳುವ ಎಲ್ಲ ಹಂತಗಳೂ ಈ ಹದಕ್ಕಾಗಿಯೇ.

ಈ ಅಡುಗೆಯ ಮೂಲ ಚೀನಾದ ಫುಜಿಯಾನ್ ಪ್ರಾಂತ್ಯ. ಅಲ್ಲಿನ ಚುವಾನ್‌ಜೋ ಊರಿನಲ್ಲಿ ಇವತ್ತಿಗೂ ಬೆಳಗಿನ ತಿಂಡಿಗೆ ಮೀಸುವಾದ ಮಂದ ಸಾರು ಮಾಡುತ್ತಾರೆ. ಜಲಸಂಧಿ ದಾಟಿ ತೈವಾನಿನ ಪಶ್ಚಿಮ ಕರಾವಳಿಗೆ ಬಂದು ನೆಲೆಸಿದವರು ಅದನ್ನು ಜೊತೆಗೆ ತಂದರು. ಆ ಕರಾವಳಿಯ ಆಳವಿಲ್ಲದ ಕೆಸರು ದಂಡೆಯಲ್ಲಿ ಸಿಂಪಿ ಧಾರಾಳ. ಜಾಂಗ್‌ಹುವಾ, ಯುನ್‌ಲಿನ್, ಜಿಯಾಯಿ, ತೈನಾನ್ ಜಿಲ್ಲೆಗಳುದ್ದಕ್ಕೂ ಅದರ ಕೃಷಿ ನಡೆಯುತ್ತದೆ. ಹಳೆಯ ಚಿಪ್ಪುಗಳನ್ನು ಹಗ್ಗಕ್ಕೆ ಪೋಣಿಸಿ ನೀರಿನಲ್ಲಿ ಕಟ್ಟುತ್ತಾರೆ. ಮರಿ ಸಿಂಪಿ ಬಂದು ಅದಕ್ಕೆ ಅಂಟಿ ಬೆಳೆಯುತ್ತದೆ. ಜಾಂಗ್‌ಹುವಾ ಜಿಲ್ಲೆಯ ಫಾಂಗ್‌ಯುವಾನ್‌ನಲ್ಲಿ ಇಳಿತದ ಹೊತ್ತಿಗೆ ಎತ್ತಿನ ಗಾಡಿ ಹೂಡಿಕೊಂಡು ಸಮುದ್ರಕ್ಕಿಳಿದು ಸಿಂಪಿ ಹೇರಿಕೊಂಡು ಬರುವ ಪದ್ಧತಿಯೂ ಇದೆ. ಸಾರಿಗೆ ಒಣಗಿಸಿದ ಬೊನಿಟೊ ಮೀನಿನ ಪರಿಮಳ ಸೇರಿರುವುದರಲ್ಲಿ ಜಪಾನಿನ ಗುರುತಿದೆ. 1895ರಿಂದ 1945ರವರೆಗೆ ತೈವಾನ್ ಜಪಾನಿನ ಆಳ್ವಿಕೆಯಲ್ಲಿತ್ತಲ್ಲ.

ಕೆಂಪು ಮೀಸುವಾ ಸಿಗದಿದ್ದರೆ

ಮೀಸುವಾ ಎಂದರೆ ಮೈದಾ, ಉಪ್ಪು, ನೀರು, ಅಷ್ಟೇ. ನಾದಿದ ಹಿಟ್ಟನ್ನು ಉದ್ದಕ್ಕೆ ಹೊಸೆದು, ಎರಡು ಕೋಲುಗಳ ನಡುವೆ ಎಂಟರ ಆಕಾರದಲ್ಲಿ ಸುತ್ತಿ, ನಡುನಡುವೆ ಹಿಟ್ಟಿಗೆ ವಿಶ್ರಾಂತಿ ಕೊಟ್ಟು ಎಳೆಯುತ್ತಾರೆ. ಕೊನೆಗೆ ಬಿಸಿಲಿಗೂ ಗಾಳಿಗೂ ಒಡ್ಡಿ ಒಣಗಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಬೇಸಿಗೆಯಲ್ಲಿ ಕೋಲಿನ ಮೇಲೆ ಇಳಿಬಿಟ್ಟು ಶ್ಯಾವಿಗೆ ಒಣಗಿಸುವುದನ್ನು ಕಂಡವರಿಗೆ ಇದೇನೂ ಹೊಸ ನೋಟವಲ್ಲ. ಹಿಟ್ಟು ಹರಿಯದೆ ಅಷ್ಟು ಸಣ್ಣಗೆ ಎಳೆಬರಲು ಉಪ್ಪು ಜೋರಾಗಿಯೇ ಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಉಪ್ಪಿನ ಲೆಕ್ಕದಲ್ಲಿ ಬರುತ್ತದೆ.

ಬಿಳಿ ಮೀಸುವಾ ಹೀಗೆ ಒಣಗಿಸಿದ್ದು. ಹುಟ್ಟುಹಬ್ಬಕ್ಕೆ ದೀರ್ಘಾಯುಷ್ಯ ಕೋರಿ ಹಂದಿಕಾಲಿನ ಜೊತೆ ಬಡಿಸುವುದು ಅದನ್ನೇ. ನಮ್ಮ ಸಾರಿಗೆ ಅದು ಆಗುವುದಿಲ್ಲ, ಎರಡು ನಿಮಿಷ ಕುದಿಯುವಷ್ಟರಲ್ಲಿ ಮೆತ್ತಗಾಗಿ, ಸ್ವಲ್ಪ ಹೊತ್ತಿಗೆ ಕರಗಿಯೇ ಹೋಗುತ್ತದೆ. ಒಣಗಿದ ಮೀಸುವಾವನ್ನು ಗಂಟೆಗಟ್ಟಲೆ ಹಬೆಯಲ್ಲಿ ಬೇಯಿಸಿದಾಗ ಕಂದು-ಕೆಂಪು ಬಣ್ಣ ಬರುತ್ತದೆ, ಸುಟ್ಟ ಬ್ರೆಡ್ಡಿನ ಅಂಚಿನಲ್ಲಿರುವಂಥ ಒಂದು ವಾಸನೆ ಬರುತ್ತದೆ, ಎಳೆಗೂ ಗಟ್ಟಿತನ ಬರುತ್ತದೆ. ಅದೇ ಕೆಂಪು ಮೀಸುವಾ. ಹಂಡೆಯಲ್ಲಿ ಬಹಳ ಹೊತ್ತು ಬಿಸಿಯಾಗಿಟ್ಟರೂ ಎಳೆ ಉಳಿಯುತ್ತದೆ, ಹಾಗಾಗಿಯೇ ಬೀದಿ ವ್ಯಾಪಾರಕ್ಕೆ ಒಗ್ಗಿತು.

ಚೀನೀ ದಿನಸಿ ಇರುವ ಊರಿನಲ್ಲಿದ್ದರೆ ತೊಂದರೆಯಿಲ್ಲ. ಸಿಂಗಪುರ, ಅಮೆರಿಕ, ಆಸ್ಟ್ರೇಲಿಯಾದಲ್ಲಿರುವ ನಮ್ಮವರಿಗೆ ಏಷ್ಯನ್ ಅಂಗಡಿಯ ನೂಡಲ್ಸ್ ಸಾಲಿನಲ್ಲಿ ಕಂದು ಬಣ್ಣದ ಕಟ್ಟು ಸಿಗುತ್ತದೆ. ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ಕ್ಯಾರಮೆಲ್ ಬಣ್ಣ ಬೆರೆಸಿ ಕೆಂಪು ಮಾಡಿದ್ದೂ ಮಾರಾಟಕ್ಕಿದೆ. ಅದನ್ನು ನೆನೆಸಿಟ್ಟರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಎಳೆ ಬೇಗ ಸೋಲುತ್ತದೆ.

ಬಿಳಿಯದು ಮಾತ್ರ ಸಿಕ್ಕಿದರೆ ಓವನ್ನಿನಲ್ಲಿ 150 ಡಿಗ್ರಿಗೆ ಇಟ್ಟು, ಆಗಾಗ ತಿರುವುತ್ತ, ತಿಳಿ ಕಂದು ಬರುವವರೆಗೆ ಹುರಿದುಕೊಳ್ಳಿ. ಹಬೆಯಲ್ಲಿ ಬೆಂದದ್ದರ ಸಮಕ್ಕೆ ಬರುವುದಿಲ್ಲ, ಕೆಲಸ ನಡೆಯುತ್ತದೆ. ಕುದಿಸುವ ಸಮಯವನ್ನು ಮಾತ್ರ ಅರ್ಧಕ್ಕಿಂತ ಕಡಿಮೆ ಮಾಡಿ. ನಮ್ಮ ಹುರಿದ ಗೋಧಿ ಶ್ಯಾವಿಗೆ ಹಾಕಿದರೆ ಕರಗುವುದಿಲ್ಲ ನಿಜ, ಆದರೆ ಆ ನಯ ಇಲ್ಲ. ಹೊಟ್ಟೆ ತುಂಬುತ್ತದೆ, ಓಆ-ಮೀಸುವಾ ಆಗುವುದಿಲ್ಲ.

ನಾಲ್ಕು ಜನಕ್ಕೆ ಬೇಕಾದದ್ದು

ಕೆಂಪು ಮೀಸುವಾ 150 ಗ್ರಾಂ. ಕಡಿಮೆ ಅನ್ನಿಸುತ್ತದೆ, ಉಬ್ಬಿದ ಮೇಲೆ ಸಾಕಾಗುತ್ತದೆ.
ಚಿಪ್ಪು ಬಿಡಿಸಿದ ಸಿಂಪಿ 300 ಗ್ರಾಂ, ಆದಷ್ಟು ಸಣ್ಣವು.
ಗೆಣಸಿನ ಸ್ಟಾರ್ಚ್ ಸಿಂಪಿಗೆ 60 ಗ್ರಾಂ, ಸಾರಿಗೆ 40 ಗ್ರಾಂ.
ಬೊನಿಟೊ ಹಪ್ಪಳಿಕೆ 25 ಗ್ರಾಂ, ಒಣ ಸೀಗಡಿ ಒಂದು ದೊಡ್ಡ ಚಮಚ.
ಸಾಂಬಾರ್ ಈರುಳ್ಳಿ ಎಂಟು-ಹತ್ತು, ಬೆಳ್ಳುಳ್ಳಿ ಎಂಟು ಎಸಳು.
ಸಣ್ಣಗೆ ಸೀಳಿದ ಕಳಲೆ ಒಂದು ಹಿಡಿ, ನೆನೆಸಿ ಹೆಚ್ಚಿದ ಕಪ್ಪು ಕಿವಿ ಅಣಬೆ ಅರ್ಧ ಹಿಡಿ.
ಸೋಯಾ ಸಾಸ್ ಎರಡು ದೊಡ್ಡ ಚಮಚ, ಸಕ್ಕರೆ ಒಂದು ಚಿಕ್ಕ ಚಮಚ, ಬಿಳಿ ಮೆಣಸಿನ ಪುಡಿ ಅರ್ಧ ಚಿಕ್ಕ ಚಮಚ.
ಕಪ್ಪು ವಿನೆಗರ್, ಖಾರದ ಸಾಸ್, ಕೊತ್ತಂಬರಿ ಸೊಪ್ಪು, ಎಣ್ಣೆ.

ಬೊನಿಟೊ ಹಪ್ಪಳಿಕೆ ಎಂದರೆ ಬೇಯಿಸಿ, ಹೊಗೆಗಿಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವವರೆಗೆ ಒಣಗಿಸಿದ ಟ್ಯೂನಾ ಜಾತಿಯ ಮೀನನ್ನು ತೆಳ್ಳಗೆ ಹೆರೆದದ್ದು. ಜಪಾನಿ ಸಾಮಾನು ಇಡುವ ಅಂಗಡಿಗಳಲ್ಲಿ ಸಿಗುತ್ತದೆ. ಲಕ್ಷದ್ವೀಪದ ಮಿನಿಕಾಯ್‌ನಲ್ಲಿ ಮಾಡುವ ಮಾಸ್ ಮೀನೂ ಇದೇ ಜಾತಿಯ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಒಣಗಿಸಿದ್ದು. ಅದು ಕೈಗೆ ಸಿಕ್ಕರೆ ಕುಟ್ಟಿ ಧಾರಾಳವಾಗಿ ಬಳಸಿ.

ಗೆಣಸಿನ ಸ್ಟಾರ್ಚ್‌ಗೆ ಬದಲಿ ಹುಡುಕುವಾಗ ಎಚ್ಚರ. ಮನೆಯಲ್ಲಿ ಸದಾ ಇರುವುದು ಕಾರ್ನ್‌ಫ್ಲೋರ್. ಅದು ಸಾರನ್ನು ಮಸುಕು ಮಾಡುತ್ತದೆ, ಆರಿದರೆ ಗಡ್ಡೆ ಕಟ್ಟುತ್ತದೆ. ಮರಗೆಣಸಿನ ಸ್ಟಾರ್ಚ್ ಎಷ್ಟೋ ವಾಸಿ, ಹೊಳಪೂ ಬರುತ್ತದೆ. ಕೂವೆ ಹಿಟ್ಟೂ ತಿಳಿಯಾಗಿ ಮಂದ ಬರುತ್ತದೆ, ಆದರೆ ಹೆಚ್ಚು ಹೊತ್ತು ಕುದಿಸಿದರೆ ಮತ್ತೆ ನೀರಾಗುತ್ತದೆ. ಕೂವೆ ಹಾಕುವುದಾದರೆ ಬಡಿಸುವ ಐದು ನಿಮಿಷ ಮುಂಚೆ ಹಾಕಿ.

ತೈವಾನಿನ ಕಪ್ಪು ವಿನೆಗರ್ ಚೀನಾದ ಕಪ್ಪು ವಿನೆಗರ್‌ನಂತಲ್ಲ. ತರಕಾರಿ, ಹಣ್ಣು, ಮಸಾಲೆಯ ಸಾರ ಸೇರಿದ, ತುಸು ಸಿಹಿ ಇರುವ ಹುಳಿ ಅದು. ಸಿಗದಿದ್ದರೆ ವೂಸ್ಟರ್ ಸಾಸಿಗೆ ಸ್ವಲ್ಪ ಅಕ್ಕಿ ವಿನೆಗರ್ ಬೆರೆಸಿಕೊಳ್ಳಿ, ಬಹಳ ಹತ್ತಿರ ಬರುತ್ತದೆ.

ಕಳಲೆ ಡಬ್ಬಿಯದಾದರೆ ತೊಳೆದರೆ ಸಾಕು. ಮಲೆನಾಡಿನಿಂದ ತಂದ ಹಸಿ ಕಳಲೆಯಾದರೆ ಎಂದಿನಂತೆ ಎರಡು ಮೂರು ದಿನ ನೀರು ಬದಲಿಸುತ್ತ ನೆನೆಹಾಕಿ, ಬೇಯಿಸಿ ನೀರು ಬಸಿದು ಬಳಸಿ. ಹಸಿಯದರಲ್ಲಿ ಸಯನೈಡ್ ಅಂಶ ಇರುವುದರಿಂದ ಈ ಕೆಲಸ ಬಿಡುವಂತಿಲ್ಲ.

ಮೊದಲು ಸಾರು

ಒಂದೂಮುಕ್ಕಾಲು ಲೀಟರ್ ನೀರು ಕುದಿಸಿ, ಉರಿ ಆರಿಸಿ, ಬೊನಿಟೊ ಹಪ್ಪಳಿಕೆ ಹಾಕಿ ಐದು ನಿಮಿಷ ಬಿಟ್ಟು ಸೋಸಿ. ಹಪ್ಪಳಿಕೆಯನ್ನು ಕುದಿಸಬೇಡಿ, ಕಹಿ ಇಳಿಯುತ್ತದೆ. ನೀರಿನ ಬದಲು ಕೋಳಿ ಅಥವಾ ಹಂದಿ ಮೂಳೆಯ ಸಾರಿದ್ದರೆ ಇನ್ನೂ ಒಳ್ಳೆಯದು. ಹಿಡಿಯಷ್ಟು ಹಪ್ಪಳಿಕೆಯನ್ನು ಸಾರಿನಲ್ಲೇ ಬಿಡುವ ಅಂಗಡಿಗಳೂ ಉಂಟು. ನನಗೆ ಅದು ಇಷ್ಟ, ಬಾಯಿಗೆ ಸಿಕ್ಕಾಗ ಹೊಗೆಯ ರುಚಿ ಕೊಡುತ್ತದೆ.

ಬಾಣಲೆಯಲ್ಲಿ ಅರ್ಧ ಬಟ್ಟಲು ಎಣ್ಣೆಗೆ ತೆಳುವಾಗಿ ಹೆಚ್ಚಿದ ಈರುಳ್ಳಿ ಹಾಕಿ ಸಣ್ಣ ಉರಿಯಲ್ಲಿ ಹುರಿಯಿರಿ. ಹೊಂಬಣ್ಣ ಬರುವುದಕ್ಕೆ ಒಂದು ಕ್ಷಣ ಮುಂಚೆಯೇ ತೆಗೆದುಬಿಡಿ. ಹೊರಗೆ ಬಂದ ಮೇಲೂ ಅದು ತನ್ನ ಬಿಸಿಯಲ್ಲೇ ಬಣ್ಣ ತಿರುಗುತ್ತದೆ. ಅದೇ ಎಣ್ಣೆಯಲ್ಲಿ ಎರಡು ಚಮಚ ಉಳಿಸಿಕೊಂಡು, ನೆನೆಸಿದ ಒಣ ಸೀಗಡಿಯನ್ನು ಘಮ ಬರುವವರೆಗೆ ಬಾಡಿಸಿ, ಕಳಲೆ, ಅಣಬೆ ಸೇರಿಸಿ ಒಂದೆರಡು ಸಲ ಕೈಯಾಡಿಸಿ, ಸಾರು ಸುರಿಯಿರಿ. ಸೋಯಾ ಸಾಸ್, ಸಕ್ಕರೆ ಈಗ ಬೀಳಲಿ. ಉಪ್ಪು ಮಾತ್ರ ಮುಟ್ಟಬೇಡಿ.

ನೂಡಲ್ಸ್

ಸಾರು ಕಾಯುವಷ್ಟರಲ್ಲಿ ಮೀಸುವಾವನ್ನು ತಣ್ಣೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಹಾಕಿ. ಎಳೆ ಬಿಡಿಸಿಕೊಳ್ಳುತ್ತದೆ, ಹೆಚ್ಚಿನ ಉಪ್ಪು ನೀರಿಗಿಳಿಯುತ್ತದೆ. ಆ ನೀರನ್ನು ನಾಲಿಗೆಗೆ ಒಂದು ತೊಟ್ಟು ಹಚ್ಚಿ ನೋಡಿ, ಸಾರಿಗೆ ಯಾಕೆ ಉಪ್ಪು ಹಾಕಬೇಡಿ ಎಂದೆ ಎಂದು ತಿಳಿಯುತ್ತದೆ. ನೀರು ಬಸಿದು, ಕತ್ತರಿಯಿಂದ ಆರೇಳು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಕತ್ತರಿಸದೆ ಹಾಕಿದರೆ ಚಮಚದಲ್ಲಿ ತಿನ್ನಲು ಬರುವುದಿಲ್ಲ, ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಉಂಡೆಯೂ ಆಗುತ್ತವೆ.

ಕುದಿಯುವ ಸಾರಿಗೆ ಉದುರಿಸುತ್ತ ಹಾಕಿ, ಉರಿ ಇಳಿಸಿ, ಮುಚ್ಚಳ ಹಾಕದೆ ಹದಿನೈದರಿಂದ ಇಪ್ಪತ್ತು ನಿಮಿಷ ಸಣ್ಣಗೆ ಕುದಿಯಲಿ. ಕೆಲವು ಕಂಪನಿಯದು ಹತ್ತು ನಿಮಿಷಕ್ಕೇ ಹದವಾಗುತ್ತದೆ, ಆದ್ದರಿಂದ ಗಡಿಯಾರಕ್ಕಿಂತ ನಾಲಿಗೆಯನ್ನು ನಂಬಿ. ಎಳೆ ಮೆತ್ತಗಿರಬೇಕು, ನಾಲಿಗೆಯಲ್ಲಿ ಒತ್ತಿದರೆ ಮುರಿಯಬೇಕು, ಆದರೆ ಸೌಟಿನಲ್ಲಿ ಎತ್ತಿದಾಗ ಎಳೆಯಾಗಿಯೇ ಕಾಣಬೇಕು. ಇಟಲಿಯ ಪಾಸ್ತಾದಂತೆ ನಡುವೆ ಗಟ್ಟಿ ಉಳಿಯುವ ಪ್ರಶ್ನೆ ಇಲ್ಲಿಲ್ಲ.

ಈ ಹಂತದಲ್ಲಿ ನೂಡಲ್ಸಿನಿಂದಲೇ ಸ್ವಲ್ಪ ಮಂದ ಬಂದಿರುತ್ತದೆ. ಎಷ್ಟು ಬಂದಿದೆ ಎಂದು ನೋಡಿಕೊಳ್ಳದೆ ಸ್ಟಾರ್ಚ್ ಸುರಿಯುವುದೇ ಗೋಂದಾಗಲು ಕಾರಣ.

ಸಿಂಪಿ

ಸಿಂಪಿ ನೀರನ್ನು ಸೋಸಿ ಬದುಕುವ ಜೀವಿ. ಆ ನೀರಿನಲ್ಲಿದ್ದ ಕೊಳೆ, ಬ್ಯಾಕ್ಟೀರಿಯಾ ಎಲ್ಲವೂ ಅದರ ಮೈಯಲ್ಲಿ ಸೇರಿರಬಹುದು. ಚಿಪ್ಪಿನ ಸಮೇತ ಕೊಂಡರೆ ಬಿಗಿಯಾಗಿ ಮುಚ್ಚಿರುವುದನ್ನು, ಅಥವಾ ತಟ್ಟಿದರೆ ಮುಚ್ಚಿಕೊಳ್ಳುವುದನ್ನು ಮಾತ್ರ ಆರಿಸಿ. ಬಾಯಿ ಬಿಟ್ಟು ಸುಮ್ಮನಿರುವುದನ್ನು ಎಸೆಯಿರಿ. ಬಿಡಿಸಿದ್ದಾದರೆ ಸಮುದ್ರದ ವಾಸನೆ ಇರಲಿ, ನಾತ ಬೇಡ. ಕಾರವಾರ, ಗೋವಾ ಕಡೆ ಕೊಂಕಣಿಯವರು ಕಲ್ವಾಂ ಎಂದು ಕರೆಯುವುದು ಸಿಂಪಿಯನ್ನೇ. ಊರ ಚರಂಡಿ ಸೇರುವ ಅಳಿವೆಯಿಂದ ತೆಗೆದದ್ದಾದರೆ ಅಗ್ಗಕ್ಕೆ ಸಿಕ್ಕರೂ ಬೇಡ. ಬಸುರಿಯರು, ಪಿತ್ತಜನಕಾಂಗದ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು ಅರೆಬೆಂದ ಸಿಂಪಿಯ ತಂಟೆಗೇ ಹೋಗಬಾರದು. ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಇಂಥವರಿಗೆ ಪ್ರಾಣಕ್ಕೇ ಕುತ್ತು ತರಬಲ್ಲದು.

ತೊಳೆಯುವ ಕ್ರಮ ಹೀಗೆ. ಬಟ್ಟಲಿನಲ್ಲಿ ಸಿಂಪಿಗೆ ಒಂದು ಚಮಚ ಉಪ್ಪು, ಒಂದು ಚಮಚ ಸ್ಟಾರ್ಚ್ ಹಾಕಿ ಬೆರಳ ತುದಿಯಿಂದ ಮೆಲ್ಲಗೆ ಸುತ್ತು ತಿರುಗಿಸಿ. ಸ್ಟಾರ್ಚ್ ಬೂದು ಬಣ್ಣಕ್ಕೆ ತಿರುಗುವುದು ಕಣ್ಣಿಗೇ ಕಾಣುತ್ತದೆ, ಮಡಿಕೆಗಳೊಳಗಿನ ಕೆಸರು ಲೋಳೆಯೆಲ್ಲ ಅದಕ್ಕೆ ಅಂಟಿ ಬಂದಿರುತ್ತದೆ. ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಒಂದೊಂದನ್ನೇ ಎತ್ತಿ, ಮಾಂಸ ಚಿಪ್ಪಿಗೆ ಅಂಟಿಕೊಂಡಿದ್ದ ಜಾಗವನ್ನು ಬೆರಳಲ್ಲಿ ಸವರಿ ನೋಡಿ, ಚಿಪ್ಪಿನ ಚೂರು ಉಳಿದಿರುವುದು ಅಲ್ಲೇ. ಜರಡಿಯಲ್ಲಿ ಹಾಕಿ ನೀರು ಚೆನ್ನಾಗಿ ಸೋರಲು ಬಿಡಿ, ಮೇಲೆ ಪೇಪರ್ ಟವೆಲ್ ಒತ್ತಿ. ಒದ್ದೆ ಸಿಂಪಿಗೆ ಸ್ಟಾರ್ಚ್ ಹಿಟ್ಟಿನ ಮುದ್ದೆಯಾಗಿ ಹತ್ತುತ್ತದೆ. ಆಮೇಲೆ ಅದು ಬಿಸಿನೀರಿನಲ್ಲಿ ಕಳಚಿಕೊಂಡು ಬೀಳುತ್ತದೆ.

ಬೇರೆ ಪಾತ್ರೆಯಲ್ಲಿ ನೀರು ಕುದಿಸಿ. ಸಿಂಪಿಯನ್ನು ಗೆಣಸಿನ ಸ್ಟಾರ್ಚಿನಲ್ಲಿ ಹೊರಳಿಸಿ, ಹೆಚ್ಚಾದದ್ದನ್ನು ಕೊಡವಿ, ಒಂದೊಂದಾಗಿ ನೀರಿಗೆ ಬಿಡಿ. ಬಿಟ್ಟ ತಕ್ಷಣ ಸೌಟು ಹಾಕಿ ಕಲಕಬೇಡಿ. ಅರ್ಧ ನಿಮಿಷದಲ್ಲಿ ಹೊರಕವಚ ಗಾಜಿನಂತೆ ತಿಳಿಯಾಗಿ ಗಟ್ಟಿಯಾಗುತ್ತದೆ, ಆಮೇಲೆ ಮೆಲ್ಲಗೆ ಆಡಿಸಬಹುದು. ಅಂಚು ಮುದುರಿ ಮೇಲೆ ತೇಲಿದರೂ ಒಟ್ಟು ಮೂರು ನಿಮಿಷ ನೀರಿನಲ್ಲೇ ಇರಲಿ. ಅಷ್ಟು ಬೇಯಿಸಿದರೆ ಒಣಗಿಹೋಗುವುದಿಲ್ಲವೇ ಎಂದರೆ, ಸ್ಟಾರ್ಚಿನ ಕವಚ ಇರುವುದು ಅದಕ್ಕೇ: ಒಳಗಿನ ರಸ ಒಳಗೇ ಉಳಿಯುತ್ತದೆ. ಜಾಲರಿ ಸೌಟಿನಲ್ಲಿ ಎತ್ತಿ ಬೇರೆ ತಟ್ಟೆಗಿಡಿ.

ಸಿಂಪಿಯನ್ನು ನೇರವಾಗಿ ಸಾರಿನ ಹಂಡೆಗೆ ಹಾಕಿ ಕುದಿಸಿದರೆ ಏನು? ಕವಚದ ಸ್ಟಾರ್ಚ್ ಸಾರಿಗೆ ಇಳಿದು ಮಂದದ ಲೆಕ್ಕ ತಪ್ಪುತ್ತದೆ, ಸಾರು ಬೂದಾಗುತ್ತದೆ, ಬಡಿಸುವ ಹೊತ್ತಿಗೆ ಸಿಂಪಿ ಗುಂಡಿಯಷ್ಟು ಚಿಕ್ಕದಾಗಿರುತ್ತದೆ. ಬೇರೆ ಬೇಯಿಸುವ ಒಂದು ಪಾತ್ರೆ ಹೆಚ್ಚು ತೊಳೆಯಬೇಕಾದರೂ ಪರವಾಗಿಲ್ಲ.

ಮಂದ ತರಿಸುವುದು

40 ಗ್ರಾಂ ಸ್ಟಾರ್ಚನ್ನು 100 ಮಿಲಿ ತಣ್ಣೀರಿನಲ್ಲಿ ಕಲಸಿ. ನಿಂತರೆ ತಳ ಹಿಡಿಯುತ್ತದೆ, ಹಾಕುವ ಮುಂಚೆ ಪ್ರತಿ ಸಲವೂ ಕಲಕಿಕೊಳ್ಳಿ. ಸಾರು ಸಣ್ಣಗೆ ಕುದಿಯುತ್ತಿರಲಿ. ಒಂದು ಕೈಯಲ್ಲಿ ಸೌಟು ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಮೂರನೇ ಒಂದು ಭಾಗ ಸಣ್ಣ ಧಾರೆಯಾಗಿ ಬಿಡಿ. ಅರ್ಧ ನಿಮಿಷ ಕಾಯಿರಿ. ಸ್ಟಾರ್ಚ್ ಪೂರ್ತಿ ಬೆಂದಮೇಲಷ್ಟೇ ತನ್ನ ಮಂದ ತೋರಿಸುವುದು. ಆಮೇಲೆ ಎರಡನೆಯ ಭಾಗ. ಮೂರನೆಯದು ಬೇಕಾಗದೆಯೂ ಹೋಗಬಹುದು, ಉಳಿದರೆ ಉಳಿಯಲಿ.

ಹದ ನೋಡುವುದು ಹೀಗೆ: ಸೌಟು ಎತ್ತಿ ಓರೆ ಮಾಡಿ. ಸಾರು ನೀರಿನಂತೆ ಸುರಿಯಬಾರದು, ತುಂಡು ತುಂಡಾಗಿಯೂ ಬೀಳಬಾರದು. ಅಗಲವಾದ ಧಾರೆಯಾಗಿ ಇಳಿದು, ಕೊನೆಗೆ ಸೌಟಿನ ಅಂಚಿನಲ್ಲಿ ಎರಡು ಮೂರು ದಪ್ಪ ಹನಿ ನಿಧಾನಕ್ಕೆ ಕಟ್ಟಬೇಕು. ನಿಮಗೆ ಬೇಕಾದ್ದಕ್ಕಿಂತ ಒಂದು ಕೂದಲು ತೆಳುವಾಗಿರುವಾಗಲೇ ನಿಲ್ಲಿಸಿ. ಬಟ್ಟಲಿಗೆ ಬಂದ ಮೇಲೂ ಮೀಸುವಾ ಸಾರು ಕುಡಿಯುತ್ತಲೇ ಇರುತ್ತದೆ. ಮಂದ ಬಂದ ಮೇಲೆ ಜೋರಾಗಿ ಕಲಕುವುದೂ ಬೇಡ, ಎಳೆಗಳು ಪುಡಿಯಾಗುತ್ತವೆ, ಸ್ಟಾರ್ಚಿನ ಕಟ್ಟೂ ಸಡಿಲವಾಗುತ್ತದೆ.

ಈಗ ಬಿಳಿ ಮೆಣಸು ಹಾಕಿ, ಹುರಿದ ಈರುಳ್ಳಿಯಲ್ಲಿ ಅರ್ಧ ಹಾಕಿ, ಉಪ್ಪು ನೋಡಿ. ಬೇಕೆನಿಸಿದರೆ ಇನ್ನೊಂದು ತೊಟ್ಟು ಸೋಯಾ ಸಾಸ್.

ಬಡಿಸುವಾಗ

ಬೆಳ್ಳುಳ್ಳಿಯನ್ನು ಹಸಿಯಾಗಿಯೇ ಅರೆದು ಎರಡು ಚಮಚ ಕುದಿಸಿ ಆರಿಸಿದ ನೀರು ಬೆರೆಸಿಟ್ಟುಕೊಳ್ಳಿ. ಬಟ್ಟಲಿಗೆ ಮೀಸುವಾ, ಮೇಲೆ ಸಿಂಪಿ, ಅರ್ಧ ಚಮಚ ಬೆಳ್ಳುಳ್ಳಿ, ಒಂದು ಚಮಚ ಕಪ್ಪು ವಿನೆಗರ್, ಉಳಿದ ಈರುಳ್ಳಿ, ಕೊತ್ತಂಬರಿ. ವಿನೆಗರನ್ನು ಹಂಡೆಗೆ ಸುರಿಯಬಾರದು. ಹುಳಿಯಲ್ಲಿ ಕುದಿದ ಸ್ಟಾರ್ಚ್ ಮಂದ ಕಳೆದುಕೊಳ್ಳುತ್ತದೆ, ವಿನೆಗರಿನ ಪರಿಮಳವೂ ಹಾರಿಹೋಗುತ್ತದೆ. ಹಾಗೆಂದು ವಿನೆಗರ್ ಬಿಟ್ಟು ತಿನ್ನಬೇಡಿ. ಸಿಹಿ, ಉಪ್ಪು, ಹೊಗೆ ಎಲ್ಲ ಸೇರಿ ನಾಲಿಗೆ ಮಬ್ಬಾಗುವಾಗ ಎಬ್ಬಿಸುವುದು ಅದೇ.

ತಿನ್ನುತ್ತ ತಿನ್ನುತ್ತ ಬಟ್ಟಲಿನ ತಳದ ಸಾರು ತೆಳುವಾದರೆ ನಿಮ್ಮ ಅಡುಗೆಯನ್ನು ದೂರಬೇಡಿ. ಚಮಚದ ಜೊತೆ ಎಂಜಲು ಸೇರಿ, ಅದರಲ್ಲಿರುವ ಅಮೈಲೇಸ್ ಸ್ಟಾರ್ಚನ್ನು ಒಡೆಯುತ್ತದೆ. ಹಂಡೆಯಿಂದ ರುಚಿ ನೋಡಿದ ಚಮಚವನ್ನು ಮತ್ತೆ ಹಂಡೆಗೆ ಅದ್ದಬಾರದು ಎನ್ನುವುದಕ್ಕೆ ಮಡಿಯ ಜೊತೆಗೆ ಇದೂ ಒಂದು ಕಾರಣ.

ತೈವಾನಿನಲ್ಲಿದ್ದರೆ

ಹ್ಸಿಂಚುವಿನ ಚಿಪ್ ಕಂಪನಿಗಳಲ್ಲೋ ವಿಶ್ವವಿದ್ಯಾಲಯಗಳಲ್ಲೋ ಇರುವ ಕನ್ನಡಿಗರಿಗೆ ಮನೆಯಲ್ಲಿ ಮಾಡುವ ತಾಪತ್ರಯವೇ ಬೇಡ, ರಾತ್ರಿ ಮಾರುಕಟ್ಟೆಗೆ ಹೋದರೆ ಸಾಕು. ಒಂದು ವಿಷಯ ತಿಳಿದಿರಲಿ: ಮೀಸುವಾ ಅಂಗಡಿ ಎಂದ ಮಾತ್ರಕ್ಕೆ ಸಿಂಪಿಯೇ ಇರುತ್ತದೆ ಎಂದಲ್ಲ. ಸೋಯಾದಲ್ಲಿ ಬೇಯಿಸಿದ ಹಂದಿಯ ದೊಡ್ಡ ಕರುಳು ಹಾಕುವ ಬಗೆಯೂ ಅಷ್ಟೇ ಜನಪ್ರಿಯ. ತೈಪೆಯ ಶೀಮೆನ್‌ದಿಂಗ್‌ನಲ್ಲಿ 1975ರಿಂದ ನಡೆಯುತ್ತಿರುವ ಆ-ಜೊಂಗ್ ಅಂಗಡಿಯ ಹೆಸರು ಪ್ರವಾಸಿಗಳ ಪಟ್ಟಿಯಲ್ಲೆಲ್ಲ ಇರುತ್ತದೆ, ಜನ ರಸ್ತೆಯಲ್ಲೇ ನಿಂತು ತಿನ್ನುತ್ತಾರೆ. ಅಲ್ಲಿ ಸಿಗುವುದು ಕರುಳಿನದು. ಎರಡೂ ಬೇಕಾದರೆ ಕೆಲವು ಅಂಗಡಿಗಳಲ್ಲಿ "ಜೊಂಗ್‌ಹ" ಎಂದು ಕೇಳಿದರೆ ಬೆರಕೆಯದು ಕೊಡುತ್ತಾರೆ. ಸಿಂಪಿಗೆ ಏಪ್ರಿಲಿನಿಂದ ಸೆಪ್ಟೆಂಬರ್ ತನಕ ಒಳ್ಳೆಯ ಕಾಲ, ಆಗ ಮೈ ತುಂಬಿರುತ್ತದೆ.

ಸಸ್ಯಾಹಾರಿಗಳೂ ನಿರಾಶರಾಗಬೇಕಿಲ್ಲ. ಬೌದ್ಧ ಪದ್ಧತಿಯ ಸಸ್ಯಾಹಾರಿ ಹೋಟೆಲುಗಳು ಅಲ್ಲಿ ಬೇಕಾದಷ್ಟಿವೆ. ಅಣಬೆ, ಕಳಲೆ ಹಾಕಿದ ಮೀಸುವಾ ಮಾಡುತ್ತಾರೆ. ಕಟ್ಟುನಿಟ್ಟಿನ ಅಂಗಡಿಯಾದರೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಮನೆಯಲ್ಲಿ ಹಾಗೆ ಮಾಡುವುದಾದರೆ ಬೊನಿಟೊ ಬದಲು ಒಣ ಶಿಟಾಕೆ ಅಣಬೆ ನೆನೆಸಿದ ನೀರನ್ನೇ ಸಾರಿಗೆ ಬಳಸಿ. ಸಿಂಪಿಯ ಜಾಗಕ್ಕೆ ಸಣ್ಣಗೆ ಹರಿದ ಆಯ್‌ಸ್ಟರ್ ಅಣಬೆಯನ್ನು ಮೇಲೆ ಹೇಳಿದಂತೆಯೇ ಸ್ಟಾರ್ಚಿನಲ್ಲಿ ಹೊರಳಿಸಿ ಬೇಯಿಸಬಹುದು, ಬಾಯಲ್ಲಿ ಜಾರುವ ಗುಣ ಚೆನ್ನಾಗಿಯೇ ಬರುತ್ತದೆ.

ಉಳಿದರೆ

ಸಿಂಪಿ ಉಳಿಸಬೇಡಿ, ಅಂದಂದಿಗೆ ತಿಂದು ಮುಗಿಸಿ. ಸಾರು-ನೂಡಲ್ಸ್ ಮಾತ್ರ ಫ್ರಿಜ್ಜಿನಲ್ಲಿ ಒಂದು ದಿನ ಇಡಬಹುದು. ಮಾರನೆಯ ದಿನ ಅದು ಗಟ್ಟಿ ಮುದ್ದೆಯಾಗಿರುತ್ತದೆ. ಒಂದು ಬಟ್ಟಲು ಬಿಸಿ ಸಾರು ಅಥವಾ ನೀರು ಬೆರೆಸಿ, ಸಣ್ಣ ಉರಿಯಲ್ಲಿ ತಳದಿಂದ ಮೆಲ್ಲಗೆ ಮಗುಚುತ್ತ ಬಿಸಿ ಮಾಡಿ. ಹೆಚ್ಚು ಜನಕ್ಕೆ ಮಾಡುವ ಯೋಚನೆ ಇದ್ದರೆ ನೂಡಲ್ಸ್ ಬೇಯಿಸಿ, ಸ್ಟಾರ್ಚ್ ಹಾಕದೆ ಇಟ್ಟುಕೊಂಡು, ನೆಂಟರು ಕೈತೊಳೆಯಲು ಎದ್ದಾಗ ಮಂದ ತರಿಸಿ. ಸಿಂಪಿಗೆ ನೀರು ಕುದಿಯಲಿಡುವುದೂ ಅದೇ ಹೊತ್ತಿಗೆ.